ಹೂಂ ಅನ್ನುವ ಕೆಲಸ

ಕಳೆದ ಮಳೆಗಾಲದಲ್ಲಿ ನನಗೊಂದು ಅನುವಾದದ ಕೆಲಸ ಬಂತು. ನಲವತ್ತು ಪುಟದ ಕೈಪಿಡಿ. ಕಾಲೇಜಿನ ಹುಡುಗ ಹುಡುಗಿಯರು ತಮ್ಮದೇ ವಯಸ್ಸಿನವರ ಕಷ್ಟಸುಖಕ್ಕೆ ಹೇಗೆ ಕಿವಿಗೊಡಬೇಕು, ಎಲ್ಲಿ ನಿಲ್ಲಿಸಬೇಕು, ಯಾವಾಗ ದೊಡ್ಡವರನ್ನು ಕರೆಯಬೇಕು ಎಂದು ಹೇಳಿಕೊಡುವಂಥದ್ದು. ಹಿಂದಿ, ಮರಾಠಿ ಪ್ರತಿಗಳು ಆಗಲೇ ಅಚ್ಚಾಗಿದ್ದವು. ಉತ್ತರ ಕರ್ನಾಟಕದ ಕೆಲವು ಕಾಲೇಜುಗಳಿಗೂ ಕಳಿಸಬೇಕು ಎಂದು ಆ ಸಂಸ್ಥೆಗೆ ಕೊನೆಗೆ ನೆನಪಾಗಿತ್ತು. ವಿಮೆ ಪಾಲಿಸಿ, ಔಷಧದ ಚೀಟಿ, ಯಾರೂ ಓದದ ಆ್ಯಪ್ ಷರತ್ತುಗಳನ್ನು ಕನ್ನಡಕ್ಕೆ ತಂದು ಮನೆ ಬಾಡಿಗೆ ಕಟ್ಟುವ ನನಗೆ ಇದು ಹತ್ತು ದಿನದ ಸುಲಭ ಕೆಲಸ ಅನ್ನಿಸಿತು.

ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. ಮೂಲದಲ್ಲಿದ್ದದ್ದು ಐದಾರು ಶಬ್ದದ ಒಂದು ಸೂಚನೆ. ಕನ್ನಡದಲ್ಲಿ ಬರೆದು ನೋಡಿದೆ: ‘ಮೊದಲು ಕೇಳಿ, ಆಮೇಲೆ ಕೇಳಿ.’

ನಗು ಬಂತು. ಕಿವಿಯಿಂದ ಕೇಳುವುದಕ್ಕೂ ಬಾಯಿಂದ ಕೇಳುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ತಮಿಳಿನಲ್ಲೂ ಹಾಗೆ, ತುಳುವಿನಲ್ಲೂ ಹಾಗೆ. ಪಕ್ಕದ ಮರಾಠಿಗೆ ಈ ತೊಂದರೆ ಇಲ್ಲ. ಅಲ್ಲಿ ‘ಐಕಣೆ’ ಬೇರೆ, ‘ವಿಚಾರಣೆ’ ಬೇರೆ. ಸಭ್ಯ ಪರಿಹಾರಗಳು ನನ್ನ ಬಳಿಯೂ ಇದ್ದವು. ‘ಆಲಿಸಿ’ ಎಂದು ಬರೆದರೆ ಆಕಾಶವಾಣಿ ಧಾರವಾಡ ಶುರುವಾದಂತಾಗುತ್ತದೆ. ‘ಪ್ರಶ್ನಿಸಿ’ ಎಂದರೆ ಎದುರಿಗೆ ಕೂತವನು ಕಳ್ಳ, ಕೇಳುವವನು ಫೌಜದಾರ. ಹತ್ತೊಂಬತ್ತು ವರ್ಷದ ಹುಡುಗಿ ಇನ್ನೊಬ್ಬ ಹತ್ತೊಂಬತ್ತು ವರ್ಷದವಳ ಪಕ್ಕ ಕೂತು ಮಾಡುವ ಕೆಲಸಕ್ಕೆ ಎರಡೂ ಒಗ್ಗಲಿಲ್ಲ.

ನಾನಿರುವುದು ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ. ನಮ್ಮ ಕೆಳಗಿನ ಮನೆಯವರು ಧಾರವಾಡದ ಕಡೆಯವರು. ಆ ಮನೆಯ ಮಗಳು ಥಾಣೆಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಳು, ಅಲ್ಲಿ ಇಂಥದೇ ಗುಂಪಿನ ಸ್ವಯಂಸೇವಕಿ. ಅದು ನನಗೆ ಗೊತ್ತಿದ್ದರೂ ಅವಳು ನಿಖರವಾಗಿ ಏನು ಮಾಡುತ್ತಾಳೆ ಎಂದು ಕೇಳಿರಲಿಲ್ಲ. ಆ ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಹೋದೆ.

“ಆಲಿಸು ಅಂದ್ರ ಯಾರಿಗೆ ತಿಳೀತದ ಅಕ್ಕಾ?” ಎಂದಳು. “ಅಜ್ಜಿ ಕತಿ ಹೇಳೂಮುಂದ ಏನಂತಿದ್ಲು? ಹೂಂ ಅನ್ನು, ಇಲ್ಲಾಂದ್ರ ಕತಿ ನಿಂತಬಿಡ್ತದ ಅಂತಿದ್ಲು. ನಾವು ಮಾಡೂದು ಅದ. ಹೂಂ ಅನ್ನೂದು.”

ನಾನು ಎಂ.ಎ.ದಲ್ಲಿ ಭಾಷಾವಿಜ್ಞಾನ ಓದಿದವಳು. ಸಂಭಾಷಣೆಯಲ್ಲಿ ಕೇಳುಗರು ಹೊರಡಿಸುವ ಇಂಥ ಸಣ್ಣ ಸದ್ದುಗಳ ಬಗ್ಗೆ ಒಂದಿಡೀ ಅಧ್ಯಾಯ ಓದಿ ಪರೀಕ್ಷೆಯಲ್ಲಿ ಬರೆದಿದ್ದೇನೆ. ಹೂಂಗುಟ್ಟುವುದು ಎಂಬ ಕ್ರಿಯಾಪದ ನನ್ನ ಭಾಷೆಯಲ್ಲೇ ಇದೆ ಎನ್ನುವುದು ಮಾತ್ರ ಆಗ ನೆನಪಾಗಿರಲಿಲ್ಲ.

ಅವರ ಕಾಲೇಜಿನ ಏರ್ಪಾಡು ಸರಳವಾದದ್ದು. ಹದಿನಾಲ್ಕು ಮಂದಿ, ಐದು ಶನಿವಾರದ ತರಬೇತಿ, ಮೇಲೆ ಒಬ್ಬ ಆಪ್ತಸಮಾಲೋಚಕಿ. ಗ್ರಂಥಾಲಯದ ಪಕ್ಕ, ಮೊದಲು ಕ್ರೀಡಾ ಸಾಮಾನು ತುಂಬಿಡುತ್ತಿದ್ದ ಕೋಣೆ ಅವರಿಗೆ ಸಿಕ್ಕಿದೆ. ಮಧ್ಯಾಹ್ನ ಮೂರು ತಾಸು ಪಾಳಿಯ ಮೇಲೆ ಇಬ್ಬಿಬ್ಬರು ಅಲ್ಲಿ ಕೂಡುತ್ತಾರೆ. ಬಹಳ ದಿನ ಯಾರೂ ಬರುವುದಿಲ್ಲ. ಬಂದವರಲ್ಲಿ ಅರ್ಧ ಜನ ಫೋನ್ ಚಾರ್ಜ್ ಮಾಡಲು ಬಂದವರು. ಅದರಲ್ಲಿ ಒಬ್ಬಿಬ್ಬರು ಚಾರ್ಜ್ ತುಂಬಿದ ಮೇಲೂ ಎದ್ದು ಹೋಗುವುದಿಲ್ಲ. ಆಗ ಕೆಲಸ ಶುರುವಾಯಿತು ಎಂದು ಅರ್ಥ.

ಅವರು ಹೇಳುವುದು ಏನನ್ನು? ‘ಕೆಟಿ’ ಬಂದದ್ದನ್ನು. ಮುಂಬಯಿ ವಿಶ್ವವಿದ್ಯಾಲಯದ ಮಕ್ಕಳು ನಪಾಸು ಎನ್ನುವುದಿಲ್ಲ, ಕೆಟಿ ಬಂತು ಎನ್ನುತ್ತಾರೆ. ವಿಷಯ ಉಳಿದುಹೋದರೂ ಮುಂದಿನ ಸೆಮಿಸ್ಟರ್‌ಗೆ ಕೂಡಬಹುದು ಎಂಬ ಅನುಮತಿಯ ಹೆಸರೇ ಸೋಲಿನ ಹೆಸರಾಗಿದೆ. ಮನೆಯಲ್ಲಿ ಹೇಳಿಲ್ಲ ಎಂಬುದನ್ನು. ಮರಾಠಿ ಮಾಧ್ಯಮದಿಂದ ಬಂದು ಇಂಗ್ಲಿಷ್ ಪಾಠ ತಲೆಗೆ ಹತ್ತದಿರುವುದನ್ನು. ಕಳವಾದ ಒಂದೇ ಕೋಣೆಯಲ್ಲಿ ಐದು ಮಂದಿ ಇರುವುದನ್ನು, ಅಳಬೇಕೆಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡಬೇಕು, ನೀರು ಬರುವುದು ಬೆಳಿಗ್ಗೆ ಒಂದು ತಾಸು. ತಳೋಜಾ ಎಂಐಡಿಸಿಯಲ್ಲಿ ಅಪ್ಪನ ಕೆಲಸ ಹೋದದ್ದನ್ನು. ಪ್ರೀತಿಯದಂತೂ ಇದ್ದೇ ಇದೆ, ಅದಕ್ಕೆ ಮೂರು ತಾಸು ಸಾಲುವುದಿಲ್ಲ.

ನಮ್ಮ ಈ ಊರುಗಳಲ್ಲಿ ಗುಟ್ಟು ಹೇಳಿಕೊಳ್ಳಲು ಜಾಗವೇ ಇಲ್ಲ ಎನ್ನುವುದು ಹೊರಗಿನವರಿಗೆ ತಟ್ಟನೆ ಹೊಳೆಯಲಿಕ್ಕಿಲ್ಲ. ಕಲ್ಯಾಣ್, ಡೊಂಬಿವಲಿ, ದಿವಾದ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಿದರೆ ಅದೇ ಒಂದು ಸುದ್ದಿ. ನವಿ ಮುಂಬಯಿಯಲ್ಲಿ ರಸ್ತೆಗಳು ಅಗಲ, ಮನೆಗಳು ಅಷ್ಟೇ ಇಕ್ಕಟ್ಟು. ಟೆರೇಸಿಗೆ ಬೀಗ. ಹಾಗಾಗಿ ನಿಜವಾದ ಮಾತು ನಡೆಯುವುದು ಆ ಕೋಣೆಯಲ್ಲಿ ಕೂಡ ಅಲ್ಲ, ಲೋಕಲ್ ಟ್ರೇನಿನಲ್ಲಿ. ಥಾಣೆ ಬಿಟ್ಟರೆ ಕಳವಾ, ಮುಂಬ್ರಾ, ದಿವಾ, ಕೋಪರ್, ಆಮೇಲೆ ಡೊಂಬಿವಲಿ. ಸ್ಲೋ ಗಾಡಿಯಲ್ಲಿ ಅರ್ಧ ತಾಸಿನ ಹಾದಿ. ಮೂವರು ಕೂಡುವ ಸೀಟಿನಲ್ಲಿ ನಾಲ್ಕನೆಯವಳಿಗೆ ಇಷ್ಟೇ ಇಷ್ಟು ಜಾಗ ಬಿಡುವುದು ನಮ್ಮ ಲೇಡೀಸ್ ಡಬ್ಬಿಯ ರೂಢಿ. ಆ ಗದ್ದಲದಲ್ಲಿ ಪಕ್ಕದವಳ ಕಿವಿಗೆ ಹೇಳಿದ್ದು ಅದರ ಪಕ್ಕದವಳಿಗೆ ಕೇಳಿಸುವುದಿಲ್ಲ. ಕೇಳಿಸಿದರೂ ಅವಳು ಮುಂದಿನ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ.

ಕೈಪಿಡಿಯ ಮುನ್ನುಡಿಯಲ್ಲಿ ಚಾಡ್ ವಾರಾ ಎಂಬ ಇಂಗ್ಲಿಷ್ ಪಾದ್ರಿಯ ಪ್ರಸ್ತಾಪವಿತ್ತು. 1935ರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಅವರು ಒಬ್ಬ ಎಳೆ ಹುಡುಗಿಯ ಅಂತ್ಯಕ್ರಿಯೆ ಮಾಡಬೇಕಾಯಿತು. ಮೈನೆರೆದಾಗ ಬಂದ ರಕ್ತವನ್ನು ಅವಳು ಕೆಟ್ಟ ರೋಗ ಎಂದು ತಿಳಿದು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೆ ಯಾರೂ ಇರಲಿಲ್ಲ, ಎರಡೂ ಅರ್ಥದಲ್ಲಿ. 1953ರಲ್ಲಿ ವಾರಾ ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟುಕೊಂಡು, ಬದುಕು ಸಾಕೆನಿಸಿದವರು ಮೊದಲು ನನಗೆ ಫೋನ್ ಮಾಡಿ ಎಂದರು. ಜನ ನೇರವಾಗಿಯೂ ಬರತೊಡಗಿದರು, ಸಾಲು ಬೆಳೆಯಿತು. ಕಾಯುವವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸಾಮಾನ್ಯ ಜನ ಮುಂದೆ ಬಂದರು. ಕೆಲವೇ ತಿಂಗಳಲ್ಲಿ ವಾರಾ ಗಮನಿಸಿದ್ದು ಇದು: ಚಹಾ ಕೊಟ್ಟವರ ಬಳಿ ಮಾತಾಡಿದ ಬಹಳ ಜನ ಪಾದ್ರಿಯನ್ನು ಕಾಣದೆಯೇ ಹಗುರಾಗಿ ಹೊರಟುಹೋಗುತ್ತಿದ್ದರು. ಅವರು ಆ ಕೆಲಸವನ್ನು ಚಹಾ ಕೊಡುವವರಿಗೇ ಒಪ್ಪಿಸಿದರು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದದ್ದು ಹೀಗೆ.

ಇಂಥದ್ದಕ್ಕೆ ಲಂಡನ್ನಿಗೇ ಹೋಗಬೇಕಿಲ್ಲ. ಥಾಣೆಯಲ್ಲಿ ಡಾ. ಆನಂದ ನಾಡಕರ್ಣಿ 1990ರಲ್ಲಿ ಸ್ಥಾಪಿಸಿದ ಐಪಿಎಚ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅವರ ‘ಮೈತ್ರ’ ಸಹಾಯವಾಣಿಯಲ್ಲಿ ಫೋನ್ ಎತ್ತುವವರು ತರಬೇತಿ ಪಡೆದ ಸ್ವಯಂಸೇವಕರು. ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ಯುವಜನ ಸೇವಾ ಇಲಾಖೆ ಸೇರಿ ನಡೆಸುವ ಯುವ ಸ್ಪಂದನದಲ್ಲಿ ಯುವಕರ ಮಾತು ಕೇಳಲು ಯುವಕರನ್ನೇ ತಯಾರು ಮಾಡುತ್ತಾರೆ.

ನಮ್ಮ ಎದುರುಮನೆಯ ಅಂಕಲ್ ಕುಂದಾಪುರದ ಕಡೆಯವರು. ಹದಿಮೂರರಲ್ಲಿ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದವರು. ಕರಾವಳಿಯ ಎಷ್ಟು ಹುಡುಗರಿಗೆ ಆ ರಾತ್ರಿಶಾಲೆಗಳು ಅಕ್ಷರ ಕೊಟ್ಟವು ಎನ್ನುವುದು ಮುಂಬಯಿ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ನನ್ನ ಕೈಪಿಡಿಯ ವಿಷಯ ಕೇಳಿ ಅವರು ನಕ್ಕರು. “ನಮ್ಮಲ್ಲೂ ಇದ್ದ ಒಬ್ಬ. ದೊಡ್ಡ ಕ್ಲಾಸಿನವ. ಬರೆಯಲು ಬಾರದ ಹುಡುಗರಿಗೆಲ್ಲ ಊರಿಗೆ ಕಾಗದ ಬರೆದು ಕೊಡುತ್ತಿದ್ದ. ಅಮ್ಮನಿಗೆ ಬರೆಸುವಾಗ ಅಳು ಬಂದರೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿರುತ್ತಿದ್ದ. ಎಲ್ಲರ ಮನೆಯ ಗುಟ್ಟೂ ಅವನಿಗೆ ಗೊತ್ತಿತ್ತು.”

“ಅವರು ತಮ್ಮದನ್ನು ಯಾರಿಗೆ ಹೇಳುತ್ತಿದ್ದರು?” ಎಂದೆ.

ಅಂಕಲ್ ಸ್ವಲ್ಪ ಹೊತ್ತು ಯೋಚಿಸಿದರು. “ಅದನ್ನು ಯಾರೂ ಕೇಳಲಿಲ್ಲ ಮಾರಾಯ್ತಿ,” ಎಂದರು.

ಕೈಪಿಡಿಯ ಹದಿನೆಂಟನೇ ಪುಟದಲ್ಲಿ ಎರಡು ದಿನ ನಿಂತೆ. ಅಪಾಯದ ಸುಳಿವು ಕಂಡರೆ ಸುತ್ತುಬಳಸದೆ ನೇರವಾಗಿ ಕೇಳಬೇಕು, ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಆಗುವುದಿಲ್ಲ ಎಂದು ಅಲ್ಲಿತ್ತು. ಕೆಳಗೆ ಕೇಳಬೇಕಾದ ಪ್ರಶ್ನೆ. ನಾನು ಬರೆದದ್ದು: ‘ನಿನಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ?’

ವ್ಯಾಕರಣ ಸರಿಯಿದೆ. ಆದರೆ ಈ ವಾಕ್ಯವನ್ನು ಕನ್ನಡದಲ್ಲಿ ಯಾರೂ ಯಾರಿಗೂ ಕೇಳಿರಲಿಕ್ಕಿಲ್ಲ. ಆ ಶಬ್ದದೊಳಗೆ ಕೊಲೆ ಕೂತಿದೆ. ಪತ್ರಿಕೆಗಳಲ್ಲಿ ಅದರ ಜೊತೆಗಾರ ‘ಶರಣು’. ಕಾನೂನು ಬದಲಾಗಿದೆ; 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಶಬ್ದ ಮಾತ್ರ ಹಳೆಯ ಕಲಮಿನಲ್ಲೇ ಉಳಿದಿದೆ.

ಕೆಳಗಿನ ಹುಡುಗಿ ನನ್ನ ವಾಕ್ಯ ಓದಿ ಮುಖ ಸಿಂಡರಿಸಿದಳು. ಅವರು ತರಬೇತಿಯಲ್ಲಿ ಹಿಂದಿ, ಮರಾಠಿಯಲ್ಲಿ ಅಭ್ಯಾಸ ಮಾಡಿದ್ದರಂತೆ. ಕನ್ನಡದಲ್ಲಿ ನೀನಾದರೆ ಹೇಗೆ ಕೇಳುತ್ತೀ ಎಂದೆ. ತಡಮಾಡದೆ ಹೇಳಿದಳು: “ಜೀವಾ ಬ್ಯಾಡ ಅನಸ್ತದೇನು?”

ನಾನು ಗುರುತು ಹಾಕಿಕೊಂಡೆ. ಇದರಲ್ಲಿ ನೋಡಿ, ಕರ್ತೃವೇ ಇಲ್ಲ. ಅನ್ನಿಸುವುದು ‘ನಿನಗೆ’, ನೀನು ಮಾಡುತ್ತಿರುವುದಲ್ಲ, ನಿನಗೆ ಆಗುತ್ತಿರುವುದು. ಹಸಿವು, ನಿದ್ದೆ, ಜ್ವರ, ಬೇಜಾರು ಎಲ್ಲವೂ ಕನ್ನಡದಲ್ಲಿ ಚತುರ್ಥಿ ವಿಭಕ್ತಿ ಹಿಡಿದು ನಮ್ಮ ಬಳಿಗೆ ಬರುತ್ತವೆ. ಹೀಗೆ ಬಂದದ್ದು ಹೋಗಬಹುದು ಎಂದು ಭಾಷೆಯೇ ಸಮಾಧಾನ ಹೇಳುತ್ತದೆ ಎಂದೆಲ್ಲ ಬರೆಯಬಹುದು. ಬರೆಯುವುದಿಲ್ಲ. ವಿಭಕ್ತಿ ಪ್ರತ್ಯಯದಿಂದ ಯಾರ ದುಃಖವೂ ಕಡಿಮೆಯಾದದ್ದನ್ನು ನಾನು ನೋಡಿಲ್ಲ. ಬಾಯಿಂದ ಹೊರಡುವ ಪ್ರಶ್ನೆಯನ್ನು ಅದು ತುಸು ಸುಲಭ ಮಾಡುತ್ತದೆ, ಅಷ್ಟೇ. ಆ ಗಳಿಗೆಗೆ ಅದೂ ದೊಡ್ಡದು.

ಗಣಪತಿ ಕಳಿಸಿ ವಾರವಾಗಿತ್ತು. ರಾತ್ರಿ ಹತ್ತೂಕಾಲಕ್ಕೆ ಬಾಗಿಲು ಬಡಿದ ಸದ್ದು. ಹುಡುಗಿ ನೈಟಿಯ ಮೇಲೆ ಓಢಣಿ ಹೊದ್ದು ನಿಂತಿದ್ದಳು. ಶಬ್ದದ ಅರ್ಥ ಕೇಳಲು ಬಂದಿದ್ದೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

“ಅಕ್ಕಾ, ಆಣಿ ಮುರದ್ರ ಏನಾಗ್ತದ?”

ತರಗತಿಯ ಒಬ್ಬಳು. ಮೂರು ವಾರದಿಂದ ವಾಪಸು ಬರುವಾಗ ಅದೇ ಡಬ್ಬಿಯಲ್ಲಿ ಇವಳ ಪಕ್ಕ ಕೂಡುತ್ತಿದ್ದಳು. ಏನೇನೋ ಹೇಳುತ್ತಿದ್ದಳು, ಇವಳು ಹೂಂ ಅನ್ನುತ್ತಿದ್ದಳು. ಆವತ್ತು ಹೇಳಿದ್ದು ಬೇರೆ ತರಹ ಇತ್ತು. ಯಾರಿಗೂ ಹೇಳಬಾರದು ಎಂದು ಅವ್ವನ ಮೇಲೆ ಆಣೆ ಮಾಡಿಸಿಕೊಂಡಿದ್ದಳು. ಮುಂಬ್ರಾ ದಾಟಿದ ಮೇಲೆ ಇವಳು ಕೇಳಿಯೇಬಿಟ್ಟಿದ್ದಳು, ನನಗೆ ಹೇಳಿಕೊಟ್ಟ ಅದೇ ಪ್ರಶ್ನೆ, ಹಿಂದಿಯಲ್ಲಿ.

“ಆಕಿ ಹೂಂ ಅಂದ್ಲು ಅಕ್ಕಾ.”

ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಮೂರನೇ ಪುಟ ತೆರೆದಿತ್ತು. ‘ಗೋಪ್ಯತೆಯ ಮಿತಿಗಳು’ ಎಂದು ಬೆಳಿಗ್ಗೆ ತಾನೇ ತಲೆಬರಹ ಕೊಟ್ಟಿದ್ದೆ. ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ಜೀವಕ್ಕೆ ಅಪಾಯ ಕಂಡರೆ ಸಮಾಲೋಚಕರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲ ಭೇಟಿಯಲ್ಲೇ ತಿಳಿಸಿ ಎಂದಿತ್ತು ಅಲ್ಲಿ. ಆ ಕೋಣೆಯಲ್ಲಾದರೆ ಇವಳು ಅದನ್ನು ತಪ್ಪದೆ ಹೇಳುತ್ತಾಳೆ. ಇದು ಕೋಣೆಯಲ್ಲ, ಟ್ರೇನು. ಆ ಹುಡುಗಿ ಬಂದದ್ದು ಸ್ವಯಂಸೇವಕಿಯ ಬಳಿಗಲ್ಲ, ಗೆಳತಿಯ ಬಳಿಗೆ. ಕೋಣೆ ಎಲ್ಲಿ ಮುಗಿಯುತ್ತದೆ ಎಂದು ಕೈಪಿಡಿಯ ಯಾವ ಪುಟದಲ್ಲೂ ಇರಲಿಲ್ಲ. ‘ಗೋಪ್ಯತೆ’ ಎನ್ನುವುದು ಮುರಿಯಬಹುದಾದ ಶಬ್ದ. ಆಣೆ ಹಾಗಲ್ಲ, ಅದರಲ್ಲಿ ಅವ್ವ ಇದ್ದಾಳೆ.

ನಾನು ಏನು ಹೇಳಬೇಕಿತ್ತೋ ಇಂದಿಗೂ ತಿಳಿಯದು. ಹೇಳಿದ್ದು ಇಷ್ಟು: “ನಿಮ್ಮ ಮೇಡಂ ನಂಬರ್ ಅದ ಏನು?”

ಇತ್ತು. ಅವಳಿಗೆ ಏನು ಮಾಡಬೇಕು ಎನ್ನುವುದು ಗೊತ್ತೇ ಇತ್ತು. ಮಾಡುವಾಗ ಪಕ್ಕದಲ್ಲಿ ಒಬ್ಬರು ಬೇಕಿದ್ದರು. ನನ್ನ ಅಡುಗೆಮನೆಯ ಕಟ್ಟೆಗೆ ಒರಗಿ ಫೋನ್ ಹಚ್ಚಿದಳು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದರು. ಆ ಹೆಣ್ಣುಮಗಳು ಗಾಬರಿಯಾಗದೆ ನಾಲ್ಕು ಪ್ರಶ್ನೆ ಕೇಳಿ, ಮನೆಯವರನ್ನು ನಾನು ಹಿಡಿಯುತ್ತೇನೆ, ಅಲ್ಲಿಯವರೆಗೆ ನೀನು ಅವಳ ಜೊತೆ ಮಾತಾಡುತ್ತಿರು, ಏನಾದರೂ ಮಾತಾಡು ಎಂದರು. ಹನ್ನೊಂದೂವರೆಯವರೆಗೆ ಇವಳು ನನ್ನ ಅಡುಗೆಮನೆಯ ನೆಲದಲ್ಲಿ ಕೂತು ಒಂದು ಧಾರಾವಾಹಿಯ ಕತೆ, ಒಬ್ಬ ಮೇಷ್ಟ್ರ ನಡಿಗೆ, ಸ್ಟೇಷನ್ ಹೊರಗಿನ ವಡಾಪಾವ್ ದರ ಇದನ್ನೆಲ್ಲ ಮಾತಾಡಿದಳು. ಆ ಕಡೆ ಅಕ್ಕ ಬಂದು ಫೋನ್ ಇಸಿದುಕೊಂಡಳು. ಇವಳು ಎದ್ದು ಮುಖ ತೊಳೆದು, ಅರ್ಥ ಸಿಕ್ತು ಅಂತ ಅವ್ವಗ ಹೇಳ್ತೀನಿ ಎಂದು ಕೆಳಗಿಳಿದು ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಹುಡುಗಿ ಒಂದು ರಾತ್ರಿ ಎದ್ದು ಕೂತು ಏನೋ ಹೇಳಲು ಶುರು ಮಾಡಿದ್ದಳು. ಮರುದಿನ ನನಗೆ ಧ್ವನಿಶಾಸ್ತ್ರದ ಪರೀಕ್ಷೆ. “ಎಲ್ಲಾ ಸರಿಹೋಗ್ತದ, ಮಲ್ಕೋ,” ಎಂದೆ. ಅವಳು ಮಲಗಿದಳು. ಆ ಸೆಮಿಸ್ಟರ್ ಮುಗಿಯುವ ಮೊದಲೇ ಊರಿಗೆ ಹೋದವಳು ಮರಳಲಿಲ್ಲ. ಈಗ ಎಲ್ಲಿದ್ದಾಳೋ, ಚೆನ್ನಾಗಿಯೇ ಇರಬಹುದು. ಅವಳು ಏನು ಹೇಳಲು ಹೊರಟಿದ್ದಳು ಎನ್ನುವುದು ನನಗೆ ತಿಳಿಯಲಿಲ್ಲ. ಆ ಪರೀಕ್ಷೆಯಲ್ಲಿ ಎಪ್ಪತ್ತೆರಡು ಅಂಕ ಬಂದದ್ದು ಮಾತ್ರ ನೆನಪಿದೆ.

ಥಾಣೆಯ ಹುಡುಗಿ ದೀಪಾವಳಿ ಕಳೆದ ಮೇಲೆ ಕಾಲೇಜಿಗೆ ಬಂದಳು. ಚಿಕಿತ್ಸೆ ನಡೆಯುತ್ತಿದೆ. ನಮ್ಮ ಹುಡುಗಿಯ ಜೊತೆ ಮಾತು ಬಿಟ್ಟಿದ್ದಾಳೆ. ಅದೇ ಗಾಡಿ, ಅದೇ ಡಬ್ಬಿ, ಆದರೆ ಆ ಕಡೆಯ ಬಾಗಿಲ ಬಳಿ ನಿಲ್ಲುತ್ತಾಳೆ. “ಇರ್ಲಿ ಬಿಡಕ್ಕಾ, ನಿಂತಾಳಲ್ಲ,” ಎಂದಳು ಇವಳು. ಹಾಗೆಂದು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವಳ ತಾಯಿ ನನ್ನ ಬಳಿ ಹೇಳಿದರು. ಕಾರಣ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಈ ಭಾಗ ನನ್ನನ್ನು ಕಾಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಹೀಗೆ ತೀರಿಕೊಂಡ ವಿದ್ಯಾರ್ಥಿಗಳು 13,044; ಅತಿ ಹೆಚ್ಚು ಮಹಾರಾಷ್ಟ್ರದಲ್ಲಿ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರನ್ನು ನೇಮಿಸಬೇಕು ಎಂದಿತು. ಸಂಬಳ ಕೊಟ್ಟು ಒಬ್ಬರನ್ನು ನೇಮಿಸುವುದಕ್ಕಿಂತ ಹದಿನಾಲ್ಕು ಮಕ್ಕಳಿಗೆ ಐದು ಶನಿವಾರ ಪಾಠ ಹೇಳಿ ಪ್ರಮಾಣಪತ್ರ ಕೊಡುವುದು ಅಗ್ಗ. ಆಡಳಿತ ಮಂಡಳಿಗಳಿಗೆ ಈ ಗಣಿತ ಬೇಗ ತಿಳಿಯುತ್ತದೆ. ಆ ರಾತ್ರಿ ಎರಡನೇ ಸಲ ಫೋನ್ ಎತ್ತುವವರು ಇಲ್ಲದಿದ್ದರೆ ಏನಾಗುತ್ತಿತ್ತು? 14416 ಇದೆ, ನಿಜ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ. ಈ ಅಂಕಿ ನಿಮ್ಮ ಫೋನಿನಲ್ಲಿ ಇರಲಿ. ಅದರೂ ಆ ಹುಡುಗಿಯ ಅಕ್ಕನ ನಂಬರು ಇದ್ದದ್ದು ಕಾಲೇಜಿನ ಆ ಮೇಡಂ ಬಳಿ. ಪ್ರತಿ ಬುಧವಾರ ಸಂಜೆ ಅವರು ಈ ಹದಿನಾಲ್ಕು ಮಂದಿಯನ್ನು ಕೂಡಿಸಿ ಒಂದು ತಾಸು ಅವರವರ ಮಾತು ಕೇಳುತ್ತಾರಂತೆ. ಇಡೀ ಏರ್ಪಾಡಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ನನಗೆ ಕಾಣಲಿಲ್ಲ. ಕೈಪಿಡಿಯಲ್ಲಿ ಇದಕ್ಕೆ ಸಿಕ್ಕದ್ದು ಕೊನೆಯ ಪುಟದ ಎರಡು ಸಾಲು.

ಅನುವಾದ ಕಳಿಸಿದೆ. ಸಂಸ್ಥೆಯ ಕನ್ನಡ ಪರಿಶೀಲಕರು ಹದಿನೆಂಟನೇ ಪುಟಕ್ಕೆ ಕೆಂಪು ಗುರುತು ಹಾಕಿ ಹಿಂದಕ್ಕೆ ಕಳಿಸಿದರು. ‘ಜೀವ ಬೇಡ ಅನ್ನಿಸುತ್ತದಾ?’ ಎನ್ನುವುದು ಆಡುಮಾತು, ಅಲ್ಲದೆ ತರಬೇತಿ ಹೇಳುವುದೇ ಸುತ್ತುಬಳಸಬೇಡಿ ಎಂದು. ಅವರ ಎರಡನೇ ಮಾತು ಸರಿ. ಬೇಜಾರಿನಲ್ಲಿ ಯಾರು ಬೇಕಾದರೂ ಅದಕ್ಕೆ ಹೌದು ಅನ್ನಬಹುದು. ಆ ಸಾಲನ್ನು ಉಳಿಸಿಕೊಂಡು ಕೆಳಗೆ ಇನ್ನೊಂದು ಸೇರಿಸಿದೆ: ‘ಸಾಯಬೇಕು ಅಂತ ಯೋಚನೆ ಬರುತ್ತಿದೆಯಾ?’ ಮೊದಲಿನದು ಬಾಗಿಲು ತಟ್ಟಲು, ಎರಡನೆಯದು ಒಳಗೆ ಹೋಗಲು ಎಂದು ಟಿಪ್ಪಣಿ ಬರೆದೆ. ಒಪ್ಪಿಕೊಂಡರು. ‘ಆಲಿಸಿ’ಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಚ್ಚಾಗಿ ಬಂದ ಪ್ರತಿಯಲ್ಲಿ ಅದು ಮೂವತ್ತೊಂದು ಕಡೆ ಇದೆ.

ಹುಡುಗಿ ಈಗ ಮೂರನೇ ವರ್ಷ. ಹೊಸ ತಂಡಕ್ಕೆ ಟ್ರೇನಿನ ವಿಷಯವನ್ನೂ ಹೇಳಿಕೊಡಬೇಕು ಎಂದು ಮೇಡಂ ಬಳಿ ಹಟ ಹಿಡಿದಿದ್ದಾಳೆ. ಬುಧವಾರದ ಸಭೆ ಸಾಲದ ವಾರಗಳಲ್ಲಿ ರವಿವಾರ ಬೆಳಿಗ್ಗೆ ಮೇಲೆ ಬಂದು ನನ್ನ ಅಡುಗೆಮನೆಯ ಕಟ್ಟೆ ಹತ್ತಿ ಕೂಡುತ್ತಾಳೆ. ಯಾರ ಹೆಸರನ್ನೂ ಹೇಳುವುದಿಲ್ಲ, ತನ್ನದಷ್ಟೇ ಹೇಳುತ್ತಾಳೆ. ನಾನು ಬಟಾಣಿ ಸುಲಿಯುತ್ತಾ ಹೂಂ ಅನ್ನುತ್ತೇನೆ. ಮೊನ್ನೆ ಕುಕ್ಕರ್ ಕೂಗಿದ ಗದ್ದಲದಲ್ಲಿ ಒಂದು ಹೂಂ ತಪ್ಪಿತು.

“ಅಕ್ಕಾ,” ಎಂದಳು ಮಾತು ನಿಲ್ಲಿಸಿ, “ಕೇಳ್ಲಿಕ್ಕತ್ತಿಯೋ ಇಲ್ಲೋ?”